ಸೀಲು ನನ್ನ ಶಟರಿಗೆ, ಗರಗರ ನಿಮ್ಮ ತೋಟದಲ್ಲಿ

ಮಾನ್ಯರೇ,

ಮಾನ್ಯ ಎನ್ನುವುದು ಪತ್ರದ ರೂಢಿ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ವಿಮಾನ ಇಳಿಸುವ ಪೈಲಟ್‌ಗಳ ಮಾತನ್ನು ನೆಲಕ್ಕೆ ಮುಟ್ಟಿಸುವ ರೇಡಿಯೊ ಕೇಂದ್ರದ ಮುಖ್ಯಾಧಿಕಾರಿ ನೀವು. ನಿಮ್ಮ ರೇಡಿಯೊದಲ್ಲಿ ಎದ್ದ ಗರಗರ ಸದ್ದಿಗೆ ನನ್ನ ವೆಲ್ಡಿಂಗ್ ಯಂತ್ರವೇ ಕಾರಣವೆಂದು ಹೇಳಿ, ಮಚ್ಛೆಯಲ್ಲಿರುವ ನನ್ನ ವರ್ಕ್‌ಶಾಪಿಗೆ ಸೀಲು ಹಾಕಿಸಿದಿರಿ. ಅಷ್ಟಕ್ಕೆ ಹಸಿವು ತೀರಲಿಲ್ಲ. ಜೀಪಿಗೆ ಧ್ವನಿವರ್ಧಕ ಕಟ್ಟಿ, ಜಿನಪಾಲನ ವರ್ಕ್‌ಶಾಪು ವಿಮಾನಯಾನಕ್ಕೆ ಅಪಾಯಕಾರಿ ಎಂದು ಓಣಿ ಓಣಿ ಸಾರಿಸಿದಿರಿ. ಬೇಸಿಗೆಯಲ್ಲಿ ಬಿದ್ದ ಶಟರು ಮಳೆಗಾಲ ಕಳೆದರೂ ಎದ್ದಿಲ್ಲ. ಖಾನಾಪುರದ ಸಂತೆಯಲ್ಲಿ ಈಗ ನನ್ನ ಹೆಸರು "ವಿಮಾನ ಕೆಡವೂ ಜಿನಪ್ಪ". ಅಜ್ಜನ ಕಾಲದಿಂದ ಕಬ್ಬಿಣ ಬಡಿದು ಗಳಿಸಿದ ಹೆಸರನ್ನು ನೀವು ಒಂದು ಮುಂಜಾನೆಯಲ್ಲಿ ತಿಂದು ಮುಗಿಸಿದಿರಿ. ಅದನ್ನು ವಸೂಲು ಮಾಡಲಿಕ್ಕೇ ಈ ಪತ್ರ.

ಸದ್ದು ಬರುವುದು ಕತ್ತಲಾದ ಮೇಲೆ ಎಂದು ನಿಮ್ಮ ನೋಟಿಸೇ ಹೇಳುತ್ತದೆ. ಸ್ವಾಮೀ, ನಾವು ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ನನ್ನ ಮನೆ ಇರುವುದು ಖಾನಾಪುರದಲ್ಲಿ. ಮಚ್ಛೆಯಿಂದ ಅಲ್ಲಿಗೆ ಹೋಗಿ ಬೆಳಕಿರುವಾಗಲೇ ತಾಟಿನ ಮುಂದೆ ಕೂರಬೇಕೆಂದರೆ ಎಷ್ಟು ಬೇಗ ಬಾಗಿಲು ಹಾಕಬೇಕು, ನೀವೇ ಲೆಕ್ಕ ಹಾಕಿ. ನನ್ನ ಎದುರಿಗೆ ಚಹಾ ಅಂಗಡಿ ಇಟ್ಟಿರುವ ಚಂದ್ರವ್ವ ಅದನ್ನೇ ನಿಮ್ಮವರಿಗೆ ಹೇಳಲು ಹೋಗಿದ್ದಳು: "ಸಾಹೇಬ್ರ, ಜಿನಪಾಲಣ್ಣನ ಶಟರ್ ಬಿತ್ತಂದ್ರ ನಾ ದೇವ್ರ ಮುಂದ ದೀಪಾ ಹಚ್ಚೂ ತಯಾರಿ ಮಾಡ್ತೀನ್ರಿ. ಕತ್ತಲದಾಗ ಅಂವಾ ಎಲ್ಲಿ ಕೆಲಸಾ ಮಾಡ್ತಾನ್ರಿ?" ನಿಮ್ಮ ಸಿಬ್ಬಂದಿ ಅವಳ ಚಹಾ ಕುಡಿದರು, ಮಾತು ಕೇಳಲಿಲ್ಲ. ಸೀಲು ಬಿದ್ದ ಮೇಲಾದರೂ ಸದ್ದು ನಿಂತಿತೇ? ಇಲ್ಲ. ಹಾಗಾದರೆ ನನ್ನ ಯಂತ್ರ ಮುಚ್ಚಿದ ಶಟರಿನೊಳಗೆ ತಾನೇ ಎದ್ದು ಕುಣಿಯುತ್ತಿತ್ತೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಆ ಎಮ್ಮೆ ನಾನು.

ಎತ್ತು ಯಾವುದೆಂದು ಗೊತ್ತಾದದ್ದು ನಮ್ಮ ಕ್ಷಮಾವಣಿಯ ದಿನ. ದಶಲಕ್ಷಣ ಪರ್ವ ಮುಗಿದ ಮೇಲೆ ಕಂಡವರಿಗೆಲ್ಲ "ಉತ್ತಮ ಕ್ಷಮಾ" ಎಂದು ಕೈ ಮುಗಿದು, ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತೇವೆ, ಕೊಡುತ್ತೇವೆ. ನನ್ನ ಹೆಂಡತಿ ರಾಜಮತಿ ಹಟ ಹಿಡಿದಳು: "ಬೀಗರ ಮನಿಗೆ ಆಮ್ಯಾಲೆ ಹೋಗೂಣು. ಮೊದಲ ಆ ಸಾಹೇಬರ ಕಡೆ ಹೋಗಿ ಬರ್ರಿ. ಮನಸಿನ್ಯಾಗ ಅಷ್ಟು ಸಿಟ್ಟು ಇಟಗೊಂಡು ಬಸದಿ ಮೆಟ್ಟಲಾ ಹೆಂಗ ಹತ್ತತೀರಿ?" ಅಂದು ನನ್ನದು ಒಪ್ಪೊತ್ತು, ಮಧ್ಯಾಹ್ನವೇ ಊಟ ಮುಗಿದಿತ್ತು. ಸಂಜೆ ರೇಡಿಯೊ ಕೇಂದ್ರದ ಕಂಬದ ಬುಡದಲ್ಲೇ ಇರುವ ನಿಮ್ಮ ಬಂಗಲೆಗೆ ಬಂದೆ. ನೀವು ಜಗಲಿಯಲ್ಲಿ ಕೂತಿದ್ದಿರಿ. ಮೇಜಿನ ಮೇಲೆ ಕೈರೇಡಿಯೊ ಇತ್ತು, ಯಾರೋ ಪೈಲಟ್ ಗಾಳಿಯ ದಿಕ್ಕು ಕೇಳುತ್ತಿದ್ದ. ಅಷ್ಟರಲ್ಲಿ ನಿಮ್ಮ ಕಾವಲುಗಾರ ತೋಟದ ದೀಪದ ಸರಗಳಿಗೆ ಸ್ವಿಚ್ ಒತ್ತಿದ. ಮಾವಿನ ಗಿಡ, ಗೇಟು, ಕಾರಂಜಿ ಎಲ್ಲ ಝಗ್ಗೆಂದವು. ಪೈಲಟ್‌ನ ಮಾತು ಗರಗರದಲ್ಲಿ ಮುಳುಗಿತು.

"ಮತ್ತ ಚಾಲೂ ಆತ್ ನೋಡ್ರಿ ಸಾಹೇಬ್ರ. ಆರಸ್ಲೇನ್ರಿ?" ಎಂದ ಅವನು.

"ಬೇಡ, ಇರಲಿ. ಗೆಸ್ಟ್ ಬರೋರಿದ್ದಾರೆ" ಎಂದಿರಿ. ಕೈ ಚಾಚಿ ರೇಡಿಯೊದ ದನಿ ತಗ್ಗಿಸಿದಿರಿ. ಆಮೇಲೆ ನನ್ನತ್ತ ತಿರುಗಿ, ಯಾರು ನೀವು ಎಂದು ಕೇಳಿದಿರಿ.

ಆ ಕಾವಲುಗಾರನ "ಮತ್ತ" ಎಂಬ ಮಾತು ನನ್ನ ಎದೆಗೆ ಇನ್ನೂ ಚುಚ್ಚುತ್ತಿದೆ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಶಟರು ಮುಚ್ಚಿಸಿಟ್ಟಿರಿ. ಮೇಲೆ ಪೈಲಟ್ ದಾರಿ ಕಾಣದೆ ಕೂಗುತ್ತಿದ್ದರೂ ನಿಮಗೆ ಗಿಡದ ಮೇಲಿನ ಮಿಣಮಿಣ ಮುಖ್ಯವಾಯಿತು. ಕ್ಷಮೆ ಕೇಳಲು ಜೋಡಿಸಿದ್ದ ಕೈಗಳನ್ನು ಬಿಡಿಸಿಕೊಂಡು ಮೆಟ್ಟಿಲಿಳಿದು ಬಂದೆ. ಮನೆಯಲ್ಲಿ ರಾಜಮತಿ ಕೇಳಿದಳು, ಇದ್ದದ್ದನ್ನು ಹೇಳಿದೆ. "ಹಂಗಾದ್ರ ಚಲೋ ಮಾಡಿದ್ರಿ ಬಿಡ್ರಿ" ಎಂದಳು.

ನನಗೆ ಸೇಡು ಬೇಕು, ಮುಚ್ಚುಮರೆ ಏನಿಲ್ಲ. ನೀವು ಕದ್ದುಮುಚ್ಚಿ ಆಳನ್ನು ಕಳಿಸಿ ಸೀಲು ಒಡೆಸಿದರೆ ನಾನು ಒಳಗೆ ಕಾಲಿಡುವುದಿಲ್ಲ. ಆ ದೀಪದ ಸರಗಳನ್ನು ಕಿತ್ತು ಅದೇ ಜೀಪಿನಲ್ಲಿ ಹಾಕಿಕೊಂಡು, ಅದೇ ಧ್ವನಿವರ್ಧಕ ಕಟ್ಟಿಕೊಂಡು, ಅದೇ ಓಣಿಗಳಲ್ಲಿ ಬನ್ನಿ. ವಿಮಾನಕ್ಕೆ ಅಪಾಯ ತಂದವರು ಯಾರೆಂದು ಈ ಸಲ ನಿಮ್ಮ ಬಾಯಿಂದಲೇ ಸಾರಿ. ಚಂದ್ರವ್ವನ ಅಂಗಡಿಯ ಎದುರು ನಿಂತು ನಿಮ್ಮ ಕೈಯಾರೆ ಸೀಲು ಒಡೆದು, ಶಟರು ಎತ್ತಿ. ನನಗೆ "ಉತ್ತಮ ಕ್ಷಮಾ" ಎನ್ನಿ. ಕೊಡುತ್ತೇನೋ ಇಲ್ಲವೋ, ಆಗ ಯೋಚಿಸುತ್ತೇನೆ. ಹೊತ್ತು ಮುಳುಗುವ ಮೊದಲೇ ಬನ್ನಿ, ಆಮೇಲೆ ಬಂದರೆ ನಾನು ಸಿಗುವುದಿಲ್ಲ.

ಇಂತಿ,
ಈ ವರ್ಷ ಊರಿಗೆಲ್ಲ ಕ್ಷಮೆ ಹಂಚಿ, ನಿಮ್ಮದೊಂದನ್ನು ಮಾತ್ರ ಕೊಡದೆ ಉಳಿಸಿಕೊಂಡಿರುವ
ಜಿನಪಾಲ, ಖಾನಾಪುರ