ಏಳರಿಂದ ಏಳೂಮುಕ್ಕಾಲು

ಫೆಬ್ರವರಿ 10, ಸೋಮವಾರ
ಆಫೀಸಿಗೆ ಅರ್ಧ ದಿನ ರಜೆ. ಕಾರಣ: ರೂಟರಿನ ಗೃಹಪ್ರವೇಶ. ಕಂಪೆನಿಯ ಕೌಶಲ್ ಕೇಬಲ್ ಎಳೆದ, ಪೆಟ್ಟಿಗೆಯನ್ನು ಹಾಲ್‌ನ ಗೋಡೆಗೆ ಹೊಡೆದ, “ಉಳಿದದ್ದು ಈಸಿ ವಾಲ್ಟರ್ ಸರ್, ನೀವೇ ಮಾಡ್ಬಹುದು” ಎಂದು ಪರಾರಿ. ಪಣಂಬೂರಿನಲ್ಲಿ ಮೂವತ್ತು ವರ್ಷ ಹಡಗುಗಳ ಕಾಗದಪತ್ರ ತಿದ್ದಿದವನಿಗೆ ಇದೊಂದು ಡಬ್ಬಿ ಯಾವ ಲೆಕ್ಕ...

ಹೊಸ ಪಾಸ್‌ವರ್ಡ್ ಕೇಳಿತು. ನನ್ನ ಹೆಸರು ಕೊಟ್ಟೆ. ದುರ್ಬಲ ಎಂದಿತು. ಹೆಂಡತಿಯ ಹೆಸರು ಕೊಟ್ಟೆ. ಮಧ್ಯಮ ಎಂದಿತು. ಬರ್ನಡೆಟ್‌ಗೆ ಇದನ್ನು ಹೇಳಿಲ್ಲ.

ಹಾಲ್‌ನಲ್ಲಿ ನೆಟ್ ಭರ್ಜರಿ. ಅಣ್ಣನ ಕೋಣೆಯಲ್ಲಿ ಸೊನ್ನೆ. ಕೆಂಪುಕಲ್ಲಿನ ಗೋಡೆ, ಫಿರಂಗಿಗೂ ಜಗ್ಗದು. ಮನೆಯೊಳಗೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಇಷ್ಟೆಲ್ಲ ಖಟಪಟಿ ಅವನಿಗಾಗಿಯೇ. ಸ್ಟ್ರೋಕ್ ಆಗಿ ಇಸಿದೋರ್ ಅಣ್ಣ ನಮ್ಮಲ್ಲಿಗೆ ಬಂದು ಎರಡು ತಿಂಗಳು. ಮಾತಿಲ್ಲ, ಬಲಗೈ ಇಲ್ಲ. ಮಗಳು ಮೆಲಿಸಾ ಕುವೈಟಿನಲ್ಲಿ ನರ್ಸ್. ರಜೆ ಸಿಗುವುದು ಮಾರ್ಚ್ ಎಂಟಕ್ಕೆ. ಅಲ್ಲಿವರೆಗೆ ವಿಡಿಯೋದಲ್ಲಾದರೂ ಅಪ್ಪನನ್ನು ನೋಡಬೇಕಂತೆ.

ಫೆಬ್ರವರಿ 12
ಗೋಡೆ ಕೊರೆದು ವಯರ್ ಎಳೆಸಿ, ಅಣ್ಣನ ಕೋಣೆಗೆ ಎರಡನೇ ಪೆಟ್ಟಿಗೆ ಇಟ್ಟೆ. ಈಗ ಇಡೀ ಮನೆಯಲ್ಲಿ ನೆಟ್ ಇಲ್ಲ. ಎರಡಕ್ಕೂ ಒಂದೇ ವಿಳಾಸ – 192.168.1.1. ಒಂದು ಮನೆಗೆ ಇಬ್ಬರು ಯಜಮಾನರು. ಜಗಳ ಆಗದೆ ಇನ್ನೇನು. ಎರಡನೆಯದರ ಕೊನೆಗೆ 2 ಕೊಟ್ಟು, ಅದರ ಅಧಿಕಾರಗಳನ್ನೆಲ್ಲ ಕಿತ್ತುಕೊಂಡೆ. ಶಾಂತಿ ನೆಲೆಸಿತು. ಅಣ್ಣನ ಮಂಚದ ಎದುರು ಹಸಿರು ಲೈಟು. ಅವನು ಅದನ್ನೇ ನೋಡುತ್ತಿದ್ದ.

ಬರ್ನಡೆಟ್: “ಸಂಜೆ ತೇರ್ಸಿನ ಪ್ರಾರ್ಥನೆ ಹೊತ್ತಿಗೆ ಇದನ್ನು ಬಂದ್ ಮಾಡಿ. ಇಸಿದೋರ್ ಅಣ್ಣ ಸಹಿಸುದಿಲ್ಲ.”

ಸರಿಯೇ. ಅಣ್ಣನ ಕಾನೂನು ನಲವತ್ತು ವರ್ಷ ಹಳೆಯದು. ಏಳಕ್ಕೆ ಜಪಸರ ಕೈಗೆ ಬಂದರೆ ರೇಡಿಯೋ, ಟಿವಿ, ಮಿಕ್ಸಿ – ಎಲ್ಲವೂ ಬಂದ್. ಒಮ್ಮೆ ವರ್ಲ್ಡ್ ಕಪ್ ಫೈನಲ್ಲೂ ಬಂದ್ ಆಗಿತ್ತು. ಹಾಲ್‌ಗೆ ಹೋಗಿ ದೊಡ್ಡ ಪೆಟ್ಟಿಗೆಯ ಸ್ವಿಚ್ ತೆಗೆದೆ, ಮತ್ತೆ ಚಿಕ್ಕದರದ್ದು. ಸಕಲ ಗೌರವಗಳೊಂದಿಗೆ. ಏಳೂಮುಕ್ಕಾಲಿಗೆ ಪುನರುತ್ಥಾನ.

ಫೆಬ್ರವರಿ 14
ಬೆಳಗ್ಗೆ ಎಂಟೂವರೆಗೆ, ಆಫೀಸಿಗೆ ಹೊರಡುವ ಮೊದಲು, ಮೆಲಿಸಾಳ ಮೊದಲ ಕಾಲ್. ಮುಖ ಎಷ್ಟು ಸ್ಪಷ್ಟ! ಆದರೆ ಅಣ್ಣ ಗಾಢ ನಿದ್ದೆ. ಮಾತ್ರೆಯ ಪ್ರಭಾವ. ಅವನು ಕಣ್ಣು ಬಿಡುವುದೇ ಸಂಜೆ ಐದರ ಮೇಲೆ. ಆಗ ಅವಳಿಗೆ ಡ್ಯೂಟಿ.

“ಪಪ್ಪಾ... ಪಪ್ಪಾ, ಓಯ್!”

ಗೊರಕೆ.

“ಗೊರಕೆ ಕೇಳ್ತದಲ್ಲ, ಹತ್ತು ನಿಮಿಷ ಹಾಗೇ ಹಿಡೀರಿ ಬಾಪ್ಪು” ಎಂದಳು. ಚಿಕ್ಕಪ್ಪನಲ್ಲವೇ, ಹಿಡಿದೆ. ಕೈ ನೋವು.

ಫೆಬ್ರವರಿ 18
ಐದನೇ ಬೆಳಗು, ಐದನೇ ಗೊರಕೆ. ಇವತ್ತು ಅವಳು ನಗಲಿಲ್ಲ.

“ಒಂದು ಸಲ ಕಣ್ಣು ಬಿಟ್ಟದ್ದು ನೋಡಿದ್ರೆ ಸಾಕು ಬಾಪ್ಪು. ನನ್ನ ಗುರ್ತ ಸಿಗ್ತದಾ ಅಂತ. ಸಂಜೆ ಎಂದಾದ್ರೂ ಬ್ರೇಕ್ ಸಿಕ್ಕಿದ್ರೆ ಸಡನ್ ಮಾಡ್ತೇನೆ, ಆಯ್ತಾ?”

“ಯಾವಾಗ ಬೇಕಾದ್ರೂ ಮಾಡು ಮಾರಾಯ್ತಿ. ನಮ್ಮ ನೆಟ್ ಇಪ್ಪತ್ನಾಲ್ಕು ಗಂಟೆ!”

ದೊಡ್ಡ ಜನ ನಾನು.

ಫೆಬ್ರವರಿ 20, ರಾತ್ರಿ ಎಂಟು
ಏಳೂಮುಕ್ಕಾಲಿಗೆ ಸ್ವಿಚ್ ಹಾಕಿದೆ. ಫೋನ್ ಟಿಣ್ ಟಿಣ್ ಎಂದು ಬಡಿದುಕೊಂಡಿತು. ಮೆಲಿಸಾಳ ಒಂಬತ್ತು ಕಾಲ್. ಏಳೂಹತ್ತರಿಂದ ಏಳೂವರೆವರೆಗೆ. ಕೊನೆಗೆ ಒಂದು ಮೆಸೇಜ್: ಬ್ರೇಕ್ ಮುಗಿತು ಬಾಪ್ಪು.

“ನೆಟ್ ಹೋಗಿತ್ತು” ಎಂದು ಬರೆದು ಕಳಿಸಿದೆ. ಸುಳ್ಳೂ ಅಲ್ಲ.

ಅಣ್ಣನಿಗೆ ನಿದ್ದೆ ಹತ್ತಿದೆ. ನಾಳೆ ತೇರ್ಸಿಗೂ ಇದನ್ನು ಹಾಕಿಯೇ ಇಡುವುದು. ಬರ್ನಡೆಟ್ ಒಪ್ಪಿದ್ದಾಳೆ.

ಫೆಬ್ರವರಿ 21
ಅಣ್ಣ ಬೆಳಗ್ಗೆ ಏಳಲಿಲ್ಲ.

ಫೆಬ್ರವರಿ 25
ಮಣ್ಣಾಯಿತು, ಭಾನುವಾರ. ಮೆಲಿಸಾ ಶನಿವಾರವೇ ಬಂದಿದ್ದಳು. ಶವಪೆಟ್ಟಿಗೆಯ ಪಕ್ಕ ನಿಂತು, ಅಪ್ಪನ ಮುಚ್ಚಿದ ಕಣ್ಣಿನ ಮೇಲೆ ಬೆರಳಿಟ್ಟಳು. ತುಂಬ ಹೊತ್ತು. ನಾನು ಹೂವಿನ ವ್ಯವಸ್ಥೆ ನೋಡಲು ಹೋದೆ. ಹೂವು ಆಗಲೇ ಬಂದಿತ್ತು.

ಇವತ್ತು ಅವಳಿಗೆ ಸಿಟ್ಟು. ಫೋನಿನಲ್ಲಿ ಕಂಪೆನಿಯವರಿಗೆ ಇಂಗ್ಲಿಷಿನಲ್ಲಿ ಬೈದಳು. ಇಪ್ಪತ್ತನೇ ತಾರೀಕು ಲೈನ್ ಯಾಕೆ ಹೋಯಿತು, ಬಂದು ಉತ್ತರ ಕೊಡಿ ಎಂದು.

“ಬಿಡು ಮಗಾ” ಎಂದೆ.

“ಬಿಡುದಿಲ್ಲ ಬಾಪ್ಪು. ಒಂಬತ್ತು ಸಲ ಮಾಡಿದ್ದೇನೆ ನಾನು.”

ಹೇಳಬೇಕಿತ್ತು. ಊಟಕ್ಕೆ ಕರೆದರು.

ಫೆಬ್ರವರಿ 27
ಕೌಶಲ್ ಬಂದ. ಪಾಪ, ಶೂ ಬಿಚ್ಚುವಾಗಲೇ ಸಾರಿ ಹೇಳಿದ. ಮೊಬೈಲಿನಲ್ಲಿ ಏನೋ ತೆಗೆದು ಮೆಲಿಸಾಳಿಗೆ ತೋರಿಸಿದ.

“ಲೈನ್‌ದು ಎಂತ ಪ್ರಾಬ್ಲಮ್ ಇಲ್ಲ ಮೇಡಂ. ಇಲ್ಲಿ ನೋಡಿ. ಏಳಕ್ಕೆ ಪವರ್ ಆಫ್, ಏಳೂಮುಕ್ಕಾಲಿಗೆ ಆನ್. ಇಪ್ಪತ್ತಕ್ಕೆ ಮಾತ್ರ ಅಲ್ಲ, ಅದಕ್ಕೆ ಮೊದಲು ದಿನಾ ಹಾಗೇ ಉಂಟು. ಮನೆಯಲ್ಲೇ ಯಾರೋ ಸ್ವಿಚ್ ತೆಗೆಯುದು.”

ಆ ಮುಕ್ಕಾಲು ಗಂಟೆ ಏನೆಂದು ಅಣ್ಣನ ಮಗಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಕಡೆ ನೋಡಲಿಲ್ಲ. ಕೌಶಲ್‌ಗೆ ಶರಬತ್ತು ಮಾಡಿ ಕೊಟ್ಟಳು. ಗೇಟಿನವರೆಗೆ ಹೋಗಿ ಥ್ಯಾಂಕ್ಸ್ ಹೇಳಿದಳು. ಆಮೇಲೆ ಅಪ್ಪನ ಖಾಲಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಫೆಬ್ರವರಿ 28, ಮಧ್ಯಾಹ್ನ
ಚಾವಡಿಯಲ್ಲಿ ಎದುರು ಬಂದು ಕೂತಳು.

“ಬೈಲಿಕ್ಕೆ ಅಲ್ಲ ಬಾಪ್ಪು. ಪಪ್ಪನ ರೂಲ್ ನಂಗೆ ಗೊತ್ತಿಲ್ವಾ? ಅದರಲ್ಲೇ ಬೆಳೆದವಳು. ಒಂದು ಮಾತ್ರ ಹೇಳಿ. ನಾನು ಕಾಲ್ ಮಾಡುವಾಗ ಪಪ್ಪ ಎಚ್ಚರ ಇದ್ರಾ?”

ನೀರು ಕುಡಿದು ಬರುತ್ತೇನೆ ಎಂದು ಒಳಗೆ ಬಂದೆ. ನೀರು ಕುಡಿದಿಲ್ಲ. ಇದನ್ನು ಬರೆಯುತ್ತಿದ್ದೇನೆ.

ಇಪ್ಪತ್ತರಂದು ಇಲ್ಲಿ ಬರೆಯದೆ ಬಿಟ್ಟದ್ದು: ತೇರ್ಸ್ ಅರ್ಧ ಆಗಿತ್ತು. ಅಣ್ಣ ಎಡಗೈ ಎತ್ತಿದ. ಆರಿದ ಪೆಟ್ಟಿಗೆಯ ಕಡೆಗೆ. ಬಂದ್ ಮಾಡಿದ್ದೇನೋ ಇಲ್ಲವೋ ಎಂದು ತನಿಖೆ ಮಾಡುತ್ತಿದ್ದಾನೆ ಎಂದುಕೊಂಡೆ. “ಮಾಡಿದ್ದೇನೆ ಮಾರಾಯ, ಕಾನೂನು ಪಾಲನೆ ಆಗಿದೆ” ಎಂದು ತಮಾಷೆ ಮಾಡಿದೆ. ಬರ್ನಡೆಟ್ ಕೂಡ ನಕ್ಕಳು. ಅಣ್ಣ ಕೈ ಇಳಿಸಲಿಲ್ಲ. ನಾನೇ ಹಿಡಿದು ಹೊದಿಕೆಯೊಳಗೆ ಇಟ್ಟೆ. ಮತ್ತೆ ಎತ್ತಿದ. ಮತ್ತೆ ಇಟ್ಟೆ. ಮೂರನೇ ಸಲ ಎತ್ತಲಿಲ್ಲ, ನನ್ನನ್ನೇ ನೋಡಿದ. ಹದಿನೆಂಟರ ಬೆಳಗ್ಗೆ ಅವಳು ಸಂಜೆ ಕಾಲ್ ಮಾಡುತ್ತೇನೆ ಎಂದಾಗ ಗೊರಕೆ ನಿಂತಿತ್ತೇ? ನೆನಪಾಗುತ್ತಿಲ್ಲ... ನಿಂತಿರಬೇಕು. ಕೇಳಿಸಿಕೊಂಡಿರಬೇಕು.

ಚಾವಡಿಯಲ್ಲಿ ಕುರ್ಚಿ ಸರಿದ ಸದ್ದು. ಬರುತ್ತಿದ್ದಾಳೆ. ಎಚ್ಚರ ಇದ್ದ ಎಂದಷ್ಟೇ ಹೇಳಲೋ, ಕೈಯ ವಿಷಯವೂ—