ನೀನು ನೋಡದೆ ಸೇರಿಸೋ ಹಾಗಿಲ್ಲ

ಬೀರೂರು
ಗುರುವಾರ

ಅಣ್ಣ,

ಫೋನೂ ಇಮೇಲೂ ಬ್ಲಾಕ್ ಮಾಡಿದ್ದೀಯ, ಅದಕ್ಕೇ ಸ್ಪೀಡ್ ಪೋಸ್ಟ್. ಇದು ತೋಟದ ಪಾಲಿನ ಕೇಸಿನ ಮಾತಲ್ಲ.

ಸೈಟ್ ಕಟ್ಟೋಕೆ ಅಂತ ನಾವಿಬ್ಬರೂ ಸೇರಿ ಬರೆದ ವೆಬ್ ಫ್ರೇಮ್‌ವರ್ಕಿನ ಕೋಡನ್ನ ಪೈಥಾನ್ ಭಾಷೆಯ ಹೊಸ ಆವೃತ್ತಿಗೆ ಒಬ್ಬಳೇ ಹೊಂದಿಸಿದ್ದೀನಿ. ಸೋಮವಾರ ಸರ್ವರ್‌ಗಳಿಂದ ಹಳೇ ಪೈಥಾನ್ ತೆಗೀತಾರೆ. ಅಷ್ಟರಲ್ಲಿ ನನ್ನ ಬದಲಾವಣೆ ಮೂಲ ಕೋಡಿಗೆ ಸೇರದಿದ್ರೆ ನಮ್ಮನ್ನ ನಂಬಿದ ಬ್ಲಡ್ ಬ್ಯಾಂಕ್‌ಗಳ ಸೈಟೆಲ್ಲ ನಿಂತುಹೋಗ್ತವೆ.

ಒಬ್ಬರು ಬರೆದದ್ದನ್ನ ಇನ್ನೊಬ್ಬರು ನೋಡಿ ಒಪ್ಪದೆ ಸೇರಿಸಬಾರದು ಅಂತ ನಿಯಮ ಇಟ್ಟವನು ನೀನೇ. ಆ ನಿಯಮ ಕಿತ್ತುಹಾಕೋ ಅಧಿಕಾರ ನನಗೂ ಇದೆ. ಕಿತ್ತಿಲ್ಲ.

ಭಾನುವಾರದೊಳಗೆ ನೋಡು. ತಪ್ಪಿದ್ರೆ ಮೊದಲಿನ ಹಾಗೇ ಬೈದು ಬರಿ. ಕಡೂರು ಕೋರ್ಟಿನ ಬಾಗಿಲಲ್ಲಿ ‘ನನಗೆ ತಂಗಿಯೇ ಇಲ್ಲ’ ಅಂದೆಯಲ್ಲ, ಇರಲಿ. ತಂಗಿ ಬರೆದಿದ್ದು ಅಂತ ನೋಡಬೇಡ. ನೋಡು, ಸಾಕು.

ಇಂತಿ,
ನಿನ್ನ ಜೊತೆ ಬರೆದವಳು,
ಹೇಮಶ್ರೀ