ಎರಡು ಚರ್ಚೆ, ಒಂದೇ ಪದ

ನವೆಂಬರ್ 3

ಮತ್ತೆ ಅದೇ ಸ್ಟುಡಿಯೋ, ಅದೇ ಆರಿದ ಕಾಫಿ. ಮುಂದಿನ ವಾರದ ರೇಡಿಯೋ ಚರ್ಚೆಗೆ ಪ್ರಶ್ನೆ ಬರೆದು ಕೊಡಬೇಕು. ಮೊದಲರ್ಧ – ಗಡಿಯಾಚೆಯ ಉತ್ತರದವರನ್ನು ಹೆದರಿಸಿಡಲು ನಮಗೂ ಅಣುಬಾಂಬ್ ಬೇಕೇ? ಉಳಿದರ್ಧ – ಬಡ್ಡಿದರ ಇಳಿಸಬೇಕೇ? ಬಾಂಬ್ ಬೇಕೆನ್ನುವವರು ಪ್ರೊಫೆಸರ್ ಸೊನು. ಬಡ್ಡಿಯ ಬಗ್ಗೆ ಮಾತಾಡುವವರು ಮಾ ಎಂಬವರು, ಹಿಂದೆ ಬ್ಯಾಂಕಿನಲ್ಲಿದ್ದವರು. ಇಬ್ಬರ ಬಾಯಲ್ಲೂ ಒಂದೇ ಪದ – ಒಕ್ಜೆ. ಶತ್ರುವನ್ನು ಹೆದರಿಸಿ ತಡೆಯುವುದೂ ಒಕ್ಜೆ, ಬೆಲೆ ಏರದಂತೆ ತಡೆಯುವುದೂ ಒಕ್ಜೆ. ನಮ್ಮ ಭಾಷೆಗೆ ಅಷ್ಟೊಂದು ಬಡತನವೇ!

ಬಡ್ಡಿ ಇಳಿಯಲಿ ದೇವರೇ. ಈ ಸಿಯೋಲ್‌ನಲ್ಲಿ ಫ್ಲ್ಯಾಟ್ ಕೊಂಡು ಕುತ್ತಿಗೆವರೆಗೆ ಸಾಲ.

ಏಳಕ್ಕೆ ಮಗ ಗರಾಮ್‌ನ ಫೋನ್. ಕಡ್ಡಾಯ ಸೇನಾ ಸೇವೆ, ಗಡಿಯ ಕಾವಲು. ಸಂಜೆ ಮಾತ್ರ ಫೋನ್ ಕೈಗೆ ಕೊಡುತ್ತಾರೆ.

"ಊಟ ಆಯ್ತಾ ಅಮ್ಮ?" – ಯಾವಾಗಲೂ ಅದೇ ಮೊದಲ ಮಾತು.

"ಆಯ್ತೋ. ಚಳಿ ಹೇಗಿದೆ?"

"ನಿಮ್ಮ ಬಾಂಬ್ ಪ್ರೊಫೆಸರ್ರನ್ನ ಒಂದಿನ ಇಲ್ಲಿಗೆ ಕಳಿಸು. ಮೂಗು ಬಿದ್ದೋಗತ್ತೆ!"

ನವೆಂಬರ್ 5

ಕ್ಯಾಂಟೀನಿನಲ್ಲಿ ಕಿಂಬಾಪ್ ತಿನ್ನುತ್ತಲೇ ಇಬ್ಬರದೂ ಶುರು.

"ಬಾಂಬ್ ಇದ್ರೆ ಅವ್ರು ನಮ್ಮ ತಂಟೆಗೇ ಬರಲ್ಲ ರೀ," ಎಂದರು ಸೊನು.

ಮಾ ಬಿಡಲಿಲ್ಲ. "ಬಾಂಬ್ ಮಾಡಿದ್ರೆ ಪ್ರಪಂಚ ವ್ಯಾಪಾರ ನಿಲ್ಸತ್ತೆ. ನಮ್ಮ ವಾನ್ ನೋಟಿನ ಬೆಲೆ ಬಿದ್ಹೋದ್ಮೇಲೆ ಬಡ್ಡಿ ಹೇಗ್ರೀ ಇಳಿಸೋದು?"

"ಜೀವ ಇದ್ರೆ ತಾನೇ ಬಡ್ಡಿ?"

"ನಿಮ್ಮ ಮಗ ಎಲ್ಲಿದಾನೆ ಸರ್?" ಸೊನು ಅವರನ್ನು ಕೇಳಿಯೇಬಿಟ್ಟೆ.

ಬೆನ್ನುನೋವಂತೆ. ವಾರ್ಡ್ ಆಫೀಸಿನಲ್ಲಿ ಕೂತು ಸೇವೆ ಮುಗಿಸುತ್ತಿದ್ದಾನಂತೆ. ಮೈಯೆಲ್ಲ ಉರಿಯಿತು.

ನವೆಂಬರ್ 9

ನಿನ್ನೆಯೂ ಇಲ್ಲ, ಇವತ್ತೂ ಫೋನ್ ಇಲ್ಲ. ಗಡಿಯಲ್ಲಿ ಏನೇ ಗಲಾಟೆಯಾದರೂ ಮೊದಲು ಹುಡುಗರ ಫೋನ್ ಕಿತ್ತಿಟ್ಟುಕೊಳ್ಳುತ್ತಾರೆ... ಡ್ರಿಲ್ ಇರಬೇಕು. ಡ್ರಿಲ್ಲೇ.

ನವೆಂಬರ್ 10, ಸಂಜೆ 7.40

ಬರೆಯದಿದ್ದರೆ ಕಿರುಚಿಬಿಡುತ್ತೇನೆ.

ನೇರ ಪ್ರಸಾರ. ಬಡ್ಡಿಯ ಚರ್ಚೆ ನಡೆದಿತ್ತು. ಸುದ್ದಿ ವಿಭಾಗದಿಂದ ಚೀಟಿ ಬಂತು – ‘ಒಕ್ಜೆ ವಿಫಲ: ಸರ್ಕಾರದ ಮೂಲ.’ ಅಷ್ಟೇ. ಬೆಲೆಯದೇ ಎಂದುಕೊಂಡು ಮಾ ಅವರ ಮುಂದಿಟ್ಟೆ.

"ನೋಡಿ, ಬೆಲೆ ಕೈಮೀರಿತು. ಇನ್ನು ಬಡ್ಡಿ ಇಳಿಯಲ್ಲ ಬಿಡಿ," ಎಂದು ಮೈಕಿನಲ್ಲೇ ಹೇಳಿದರು.

ಥೂ, ನನ್ನ ಸಾಲದ ಕಂತು ಎಂದುಕೊಂಡೆ. ಆ ಹೊತ್ತಿನಲ್ಲಿ ನನಗೆ ಕಂತಿನ ಚಿಂತೆ!

ಸೊನು ಬಗ್ಗಿ ಚೀಟಿ ಓದಿದರು. ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ನಿರ್ಮಾಪಕ ತಾಕ್ ಓಡಿಬಂದ. "ಅಕ್ಕಾ, ಅದು ಬೆಲೆದಲ್ಲ! ಗಡೀದು! ಉತ್ತರದೋರು ಶೆಲ್ ಹಾಕ್ತಿದಾರೆ!"

ಈಗ ಬರೀ ಹಾಡು ಹಾಕಿದ್ದಾರೆ. ಗರಾಮ್‌ಗೆ ಮಾಡಿದೆ, ಮಾಡಿದೆ – ಸ್ವಿಚ್ ಆಫ್. ಸೊನು ಪಕ್ಕದಲ್ಲಿ ಬಂದು ಕೂತಿದ್ದಾರೆ. ಆಚೆ ಮಾ ಯಾರಿಗೋ ಹೇಳುತ್ತಿದ್ದಾರೆ, "ಮಾರ್ಕೆಟ್ ಮುಳುಗತ್ತೆ. ಅದನ್ನ ಎತ್ತೋಕೆ ನಾಳೆ ಬೆಳಗ್ಗೆನೇ ಬಡ್ಡಿ ಇಳಿಸ್ತಾರೆ ನೋಡಿ."

ಇಳಿಯಲಿ ದೇವರೇ ಎಂದಿದ್ದೆನಲ್ಲ. ಬೇಡ. ಏನೂ ಬೇಡ. ನನ್ನ ಹುಡುಗ ಸಾಕು.

ಫೋನ್ ಬರುತ್ತಿದೆ. ಗರಾಮ್ ಹೆಸರಲ್ಲ – ಸೇನೆಯ ನಂಬರ್. ಅವನೇ ಅಲ್ಲಿಂದ ಮಾಡುತ್ತಿರಬಹುದು. ಎತ್ತಬೇಕು. ಅವನೇ ಆದರೆ ಮೊದಲ ಮಾತು ಊಟ ಆಯ್ತಾ ಅಂತಲೇ